ಬರ್ಲಿನ್‌ನ ಮುರಿದ ಚರ್ಚಿನ ಬಗ್ಗೆ ಬರೆದವರಿಗೆ

ನಮಸ್ಕಾರ.

ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿಗೆ ಹೋಗಿ ಬಂದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ಉತ್ತರ ಬರೆದು ಮುಗಿಸಲೂ ಮನಸ್ಸು ಬರಲಿಲ್ಲ. ಲೇಖನದ ಒಳಗೆ ಒಳ್ಳೆಯ ಬರಹವೊಂದು ಸಿಕ್ಕಿಹಾಕಿಕೊಂಡಿದೆ. ಅದನ್ನು ಹೊರಗೆ ತರುವುದು ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ವೀಸಾ, ವಿಮಾನ, ಹೋಟೆಲಿನ ತಿಂಡಿ. ಅಷ್ಟನ್ನೂ ತೆಗೆಯಿರಿ. ಆಮೇಲೆ ಗೋಪುರ ಕಂಡ ತಕ್ಷಣ ನಿಮಗೆ ಹಂಪಿ ನೆನಪಾಗುತ್ತದೆ. ಹಾಳಾದ ಕಟ್ಟಡ ಎಲ್ಲಿ ಕಂಡರೂ ನಮಗೆ ಹಂಪಿ ನೆನಪಾಗುವುದು ಸಹಜ. ಆದರೆ ನೀವು ಆ ಹೆಸರು ಹೇಳಿ ಮುಂದೆ ಹೋಗಿದ್ದೀರಿ. ಅದರಿಂದ ಬರ್ಲಿನ್ ಬಗ್ಗೆ ಹೊಸದೇನೂ ತಿಳಿಯಲಿಲ್ಲ, ಹಂಪಿ ಬಗ್ಗೆಯೂ ತಿಳಿಯಲಿಲ್ಲ. ಅದನ್ನೂ ಬಿಡಿ.

ಈಗ ನಿಮ್ಮ ಒಳ್ಳೆಯ ಸಾಲಿಗೆ ಬರುತ್ತೇನೆ. ಹಳೆಯ ಗೋಪುರದ ಪಕ್ಕದ ಹೊಸ ಚರ್ಚಿನೊಳಗೆ ಹೋದಾಗ ‘ಬಾಗಿಲು ಮುಚ್ಚಿಕೊಂಡಿತು, ಬಸ್ಸುಗಳ ಸದ್ದು ನಿಂತಿತು, ನನ್ನ ಬಿಳಿ ಅಂಗಿಯ ತೋಳು ನೀಲಿಯಾಗಿತ್ತು’ ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಕಣ್ಣು ಬಿಟ್ಟು ನೋಡಿದ್ದು ಇಲ್ಲೇ. ಅದನ್ನು ಓದಿದಾಗ ನಾನೂ ಒಳಗೆ ನಿಂತಂತೆ ಆಯಿತು. ಆದರೆ ಮುಂದಿನ ಸಾಲಿನಲ್ಲೇ ‘ದೈವಿಕ ಅನುಭೂತಿ’ಗೆ ಜಾರಿಬಿಟ್ಟಿರಿ. ಸದ್ದು ಯಾಕೆ ನಿಂತಿತು? ಅಲ್ಲಿ ಗೋಡೆ ಒಂದಲ್ಲ, ಎರಡು. ಕಾಂಕ್ರೀಟಿನ ಜಾಲರಿಯಲ್ಲಿ ಗಾಜು ಕೂರಿಸಿದ ಎರಡು ಗೋಡೆ, ಮಧ್ಯೆ ಜಾಗ. ಆ ಜಾಗ ರಸ್ತೆಯ ಗದ್ದಲವನ್ನು ತಡೆಯುತ್ತದೆ. ದೀಪಗಳಿರುವುದೂ ಅಲ್ಲೇ. ಅದಕ್ಕೇ ಕತ್ತಲಾದ ಮೇಲೂ ಗೋಡೆ ಹೊಳೆಯುತ್ತದೆ. ಗಾಜಿನ ತುಂಡುಗಳು 20,000ಕ್ಕೂ ಜಾಸ್ತಿ. ಇದನ್ನು ಹೇಳಿದರೆ ನಿಮ್ಮ ನೀಲಿ ತೋಳಿನ ಸೊಗಸು ಕಡಿಮೆಯಾಗುವುದಿಲ್ಲ. ಓದುಗರಿಗೆ ಅದು ಇನ್ನೂ ಹತ್ತಿರವಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ‘ಯುದ್ಧದ ಕ್ರೂರ ಕೈಗೆ ಸಿಕ್ಕಿ ನಲುಗಿದ ಮುಗ್ಧ ಚರ್ಚು’ ಅಂತ ಬರೆದಿದ್ದೀರಿ. ಯುದ್ಧಕ್ಕೆ ಕೈ ಇಲ್ಲ. ಬಾಂಬು ಹಾಕಿದವರು ಬ್ರಿಟಿಷ್ ವಾಯುಪಡೆಯವರು. 1943ರ ನವೆಂಬರ್ 22ರ ರಾತ್ರಿ ಶುರುವಾದ ದಾಳಿಯಲ್ಲಿ ಚರ್ಚು ಹೊತ್ತಿ ಉರಿಯಿತು. 113 ಮೀಟರ್ ಎತ್ತರದ ಗೋಪುರದಲ್ಲಿ ಇವತ್ತು ಉಳಿದಿರುವುದು ಸುಮಾರು 70 ಮೀಟರ್. ಆ ದಾಳಿಗಳಲ್ಲಿ ಸಾಮಾನ್ಯ ಜನ ಸತ್ತರು, ಮನೆಮಠ ಕಳೆದುಕೊಂಡರು. ಅದೇ ಬರ್ಲಿನ್‌ನ ಗ್ರೂನೆವಾಲ್ಡ್ ಸ್ಟೇಷನ್ನಿನಿಂದ 1941ರ ಅಕ್ಟೋಬರ್‌ನಲ್ಲೇ ನಾಜಿಗಳು ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸುವುದು ಶುರುವಾಗಿತ್ತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಮರುಕವಾಗುತ್ತದೆ, ಬರಹವಾಗುವುದಿಲ್ಲ. ನೀವು ಯಾರ ಪಕ್ಷವನ್ನೂ ವಹಿಸಬೇಕಿಲ್ಲ. ಆದರೆ ಯಾರು, ಯಾವಾಗ, ಯಾರ ಮೇಲೆ ಅನ್ನುವುದನ್ನು ಹೇಳಲೇಬೇಕು.

ಇನ್ನು ಆ ‘ಮುಗ್ಧ’. ಹಳೆಯ ಗೋಪುರದ ಕೆಳಗಿನ ಹಾಲಿನಲ್ಲಿ ತುಂಬಾ ಹೊತ್ತು ಇದ್ದೆ ಅಂತ ಬರೆದಿದ್ದೀರಿ. ತಲೆ ಎತ್ತಿ ನೋಡಲಿಲ್ಲವೇ? ಅಲ್ಲಿ ಚಿನ್ನದ ಬಣ್ಣ ಮಿನುಗುವ ಮೊಸಾಯಿಕ್ ಚಿತ್ರಗಳಿವೆ, ಅವುಗಳ ನಡುವೆ ಬಿರುಕುಗಳಿವೆ. ಚಿತ್ರದಲ್ಲಿ ಸಾಲಾಗಿ ನಡೆದು ಬರುವವರು ಸಂತರಲ್ಲ. ಜರ್ಮನಿಯನ್ನು ಆಳಿದ ಹೊಹೆನ್‌ಜೊಲೆರ್ನ್ ಮನೆತನದ ರಾಜರು, ರಾಣಿಯರು. ಈ ಚರ್ಚನ್ನು ಕಟ್ಟಿಸಿದ್ದು ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ತನ್ನ ಅಜ್ಜ ಮೊದಲನೇ ವಿಲ್ಹೆಲ್ಮ್‌ನ ನೆನಪಿಗೆ. 1891ರಲ್ಲಿ ಕೆಲಸ ಶುರುವಾಗಿ 1895ರಲ್ಲಿ ಚರ್ಚು ತೆರೆಯಿತು. ಫ್ರಾನ್ಸನ್ನು ಸೋಲಿಸಿ, 1871ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಜರ್ಮನಿಯ ಚಕ್ರವರ್ತಿ ಅಂತ ಘೋಷಿಸಿಕೊಂಡ ಅಜ್ಜ ಅವನು. ಅಂದರೆ ದೇವರ ಮನೆಯ ಸೂರಿನಲ್ಲಿ ಒಂದು ಸಾಮ್ರಾಜ್ಯ ತನ್ನ ಮೆರವಣಿಗೆಯನ್ನೇ ಬರೆಸಿಕೊಂಡಿತ್ತು. ಬಾಂಬಿಗೂ ಉಳಿದ ಆ ಮೆರವಣಿಗೆಯ ಕೆಳಗೆ ಇವತ್ತು ಯುದ್ಧ ಬೇಡ ಅನ್ನುವ ಸ್ಮಾರಕ ಇದೆ. ಇಷ್ಟು ದೊಡ್ಡ ಸಂಗತಿ ನಿಮ್ಮ ನೆತ್ತಿಯ ಮೇಲೇ ಇತ್ತು. ನೀವು ಬರೆದದ್ದು ‘ಗೋಡೆಗಳು ಮೌನವಾಗಿ ಅಳುತ್ತಿದ್ದವು’ ಅಂತ.

ಇನ್ನೊಂದು ಮಾತು. ಆ ಗೋಪುರ ಹಾಗೆ ನಿಂತಿರುವುದು ತಾನಾಗಿ ಅಲ್ಲ. ಯುದ್ಧ ಮುಗಿದ ಮೇಲೆ ಹೊಸ ಚರ್ಚಿಗೆ ಸ್ಪರ್ಧೆ ನಡೆದು, 1957ರಲ್ಲಿ ಎಗಾನ್ ಐರ್‌ಮನ್ ಎಂಬ ವಾಸ್ತುಶಿಲ್ಪಿಯ ನಕ್ಷೆ ಗೆದ್ದಿತು. ಆ ನಕ್ಷೆಯಲ್ಲಿ ಹಳೆಯ ಗೋಪುರವೇ ಇರಲಿಲ್ಲ. ಅದನ್ನು ಕೆಡವಿ ಹೊಸದು ಕಟ್ಟುವುದು ಅಂತ ಇತ್ತು. ಬರ್ಲಿನ್ ಜನ ಬಿಡಲಿಲ್ಲ. ಪತ್ರಿಕೆಗಳಲ್ಲಿ ಗಲಾಟೆಯೋ ಗಲಾಟೆ. ಕೊನೆಗೆ ಐರ್‌ಮನ್ ನಕ್ಷೆ ಬದಲಿಸಿ, ಮುರಿದ ಗೋಪುರವನ್ನು ನಡುವೆ ಉಳಿಸಿಕೊಂಡು ಎಂಟು ಮೂಲೆಯ ಚರ್ಚು, ಆರು ಮೂಲೆಯ ಗಂಟೆಗೋಪುರ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಹೊಸ ಚರ್ಚು ತೆರೆಯಿತು. ನಗರವನ್ನು ಪೂರ್ವ, ಪಶ್ಚಿಮ ಅಂತ ಒಡೆದ ಬರ್ಲಿನ್ ಗೋಡೆ ಎದ್ದು ಆಗ ಇನ್ನೂ ನಾಲ್ಕು ತಿಂಗಳು. ಬಾಂಬಿನ ಗುರುತನ್ನು ದಿನಾ ನೋಡುತ್ತಾ ಬದುಕುತ್ತೇವೆ ಅಂತ ಒಂದು ಊರು ಹಟ ಹಿಡಿಯಿತಲ್ಲ, ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ ಅಂತ ನನಗೆ ಅನಿಸುತ್ತದೆ.

ಅಲ್ಲಿಂದ ಶುರು ಮಾಡಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ. ನಿಮ್ಮ ತೋಳನ್ನು ನೀಲಿ ಮಾಡಿದ ಗಾಜು ಬಂದದ್ದು ಫ್ರಾನ್ಸಿನ ಶಾರ್ತ್ರ್ ಊರಿನ ಗಾಬ್ರಿಯೆಲ್ ಲ್ವಾರ್ ಅವರ ಕಾರ್ಖಾನೆಯಿಂದ. ಫ್ರಾನ್ಸನ್ನು ಗೆದ್ದವನ ಹೆಸರಿನ ಚರ್ಚಿಗೆ ಫ್ರಾನ್ಸಿನ ಗಾಜು. ಹಳೆಯ ಹಾಲಿನಲ್ಲಿ ನೀವು ‘ಒಂದು ಪುಟ್ಟ ಶಿಲುಬೆ’ ಅಂತ ಬರೆದು ಬಿಟ್ಟದ್ದು ಕವೆಂಟ್ರಿಯ ಮೊಳೆಗಳದ್ದು. ಇಂಗ್ಲೆಂಡಿನ ಆ ಊರಿನ ಕ್ಯಾಥೆಡ್ರಲ್ ಮೇಲೆ 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಸುಟ್ಟು ಬಿದ್ದ ಚಾವಣಿಯ ಹಳೆಯ ಮೊಳೆಗಳನ್ನು ಆಯ್ದು ಶಿಲುಬೆ ಮಾಡಿದರು. ಜರ್ಮನರು ಸುಟ್ಟ ಚರ್ಚಿನ ಮೊಳೆ, ಬ್ರಿಟಿಷರು ಸುಟ್ಟ ಚರ್ಚಿನಲ್ಲಿ. ಇದಕ್ಕೆ ವಿಶೇಷಣವೇ ಬೇಡ. ಸುಮ್ನೆ ಹೇಳಿಬಿಡಿ, ಸಾಕು.

ಹೊಸ ಚರ್ಚಿನ ಗೋಡೆಯ ಮೇಲಿನ ಇದ್ದಿಲ ಚಿತ್ರವನ್ನು ‘ಹೃದಯ ಕಲಕುವ, ಮನ ಮಿಡಿಯುವ, ಅಮರ ಕಲಾಕೃತಿ’ ಅಂದಿದ್ದೀರಿ. ಚಿತ್ರದಲ್ಲಿ ಏನಿದೆ ಅಂತಲೇ ಹೇಳಿಲ್ಲ. ದೊಡ್ಡ ಬಟ್ಟೆಯೊಳಗೆ ಮಗುವನ್ನು ಅಪ್ಪಿಕೊಂಡು ಕೂತ ತಾಯಿ. ಬರೆದವರು ಕರ್ಟ್ ರಾಯ್ಬರ್, ಪಾದ್ರಿ ಮತ್ತು ಜರ್ಮನ್ ಸೇನೆಯ ಡಾಕ್ಟರ್. 1942ರ ಕ್ರಿಸ್‌ಮಸ್‌ಗೆ ಸ್ಟಾಲಿನ್‌ಗ್ರಾಡ್‌ನಲ್ಲಿ ಸೋವಿಯತ್ ಸೇನೆ ಸುತ್ತುವರಿದಿದ್ದಾಗ, ರಷ್ಯಾದ ಒಂದು ನಕಾಶೆಯ ಹಿಂಬದಿಯಲ್ಲಿ ಬರೆದದ್ದು. ಚಿತ್ರ ಅಲ್ಲಿಂದ ಹೊರಗೆ ಬಂತು. ರಾಯ್ಬರ್ ಬರಲಿಲ್ಲ, 1944ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರೂ ದಾಳಿ ಮಾಡಿದ ಸೇನೆಯವರೇ ಅನ್ನುವುದನ್ನು ಮರೆಸಬೇಡಿ.

2016ರ ಡಿಸೆಂಬರ್‌ನಲ್ಲಿ ಚರ್ಚು ಇರುವ ಚೌಕದ ಕ್ರಿಸ್‌ಮಸ್ ಸಂತೆಯ ಮೇಲೆ ನಡೆದ ಟ್ರಕ್ ದಾಳಿಯನ್ನು ಕೊನೆಗೆ ಒಂದು ಸಾಲಿನಲ್ಲಿ ಸೇರಿಸಿದ್ದೀರಿ. ಸತ್ತವರ ವಿಷಯ ಹಾಗೆ ಬಾಲಂಗೋಚಿಯಾಗಿ ಬರಬಾರದು. ಅದನ್ನು ಬೇರೆಯೇ ಬರಹಕ್ಕೆ ಇಟ್ಟುಕೊಳ್ಳಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಶಾಂತಿಯೇ ಮನುಕುಲದ ಮಂತ್ರವಾಗಲಿ’ ಎಂಬ ಕೊನೆಯ ಪ್ಯಾರಾ ಬೇಡವೇ ಬೇಡ. ಆಶ್ಚರ್ಯಸೂಚಕ ಚಿಹ್ನೆಗಳೆಲ್ಲ ಹೋಗಲಿ. ನಿಮ್ಮ ವಾಕ್ಯಗಳು ಚಿಕ್ಕದಾಗಿದ್ದಾಗ ಚೆನ್ನಾಗಿವೆ, ಅಂಗಿ ತೋಳಿನ ಸಾಲೇ ಅದಕ್ಕೆ ಸಾಕ್ಷಿ.

ಒಂದು ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ, ಅವಸರ ಇಲ್ಲ. ಮೊಸಾಯಿಕ್‌ನ ಫೋಟೋ ತೆಗೆದಿದ್ದರೆ ಅದನ್ನೂ ಜೊತೆಗೆ ಹಾಕಿ. ಗೋಪುರದ ಮುಂದೆ ನೀವು ನಿಂತ ಫೋಟೋ ಬೇಕಾಗಿಲ್ಲ.

ಇತಿ,
ಸಂಪಾದಕ