ನಾಲ್ಕು ನೋಡ್‌ಗಳಲ್ಲೂ ಒಂದೇ ಡೇಟಾ ಇದ್ದರೆ ಮೆಮೊರಿ ಉಳಿಸಬಹುದಾ?

ನೋಡ್ ಎಂಬ ನಾಲ್ಕು ಕಂಪ್ಯೂಟರ್‌ಗಳನ್ನು ಜೋಡಿಸಿದ ಕ್ಲಸ್ಟರ್‌ನಲ್ಲಿ ಓಡುವ ಪ್ರತಿ ಪ್ರೊಸೆಸ್ಸೂ ಒಂದೇ ಡೇಟಾ ಲೋಡ್ ಮಾಡಿಕೊಳ್ಳುತ್ತದೆ, ಆ ನಕಲು ತೆಗೆದು ರ‍್ಯಾಮ್ ಉಳಿಸಬಹುದಾ ಅಂತ ಕೇಳಿದ್ದೀರಿ. ಒಂದೇ ನೋಡ್‌ನ ಒಳಗಾದರೆ ಖಂಡಿತ ಉಳಿಸಬಹುದು. ನೋಡ್‌ಗಳ ನಡುವೆ ಉಳಿಯುವುದು ರ‍್ಯಾಮ್ ಅಲ್ಲ, ಚೆಕ್‌ಪಾಯಿಂಟ್ (ಲೆಕ್ಕ ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಸಲು ಡಿಸ್ಕಿಗೆ ಉಳಿಸುವ ಪ್ರತಿ) ಬರೆಯುವ ಸಮಯ.

ಶಿವಮೊಗ್ಗದ ನಮ್ಮ ಲ್ಯಾಬ್‌ನಲ್ಲಿ ಶರಾವತಿ ಕಣಿವೆಯ ಮಳೆನೀರಿನ ಸಿಮ್ಯುಲೇಶನ್ ಓಡಿಸುತ್ತೇವೆ. ಅಂಬುತೀರ್ಥದಿಂದ ಲಿಂಗನಮಕ್ಕಿವರೆಗಿನ ನೆಲದ ಎತ್ತರದ ನಕ್ಷೆ ಪ್ರತಿ ಪ್ರೊಸೆಸ್‌ನಲ್ಲೂ ಪೂರ್ತಿ ಕೂತಿರುತ್ತದೆ. ನೋಡ್ ಒಳಗೆ ಇದಕ್ಕೆ ಎಂಪಿಐ-3ರ (ಪ್ರೊಸೆಸ್‌ಗಳು ಪರಸ್ಪರ ಡೇಟಾ ಕೊಟ್ಟು ತಗೊಳ್ಳುವ ಮಾನದಂಡ) ಶೇರ್ಡ್ ಮೆಮೊರಿ ವಿಂಡೋ, ಅಂದರೆ ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಳ್ಳುವ ಮೆಮೊರಿ ಸಾಕು, ನೋಡ್‌ಗೆ ಒಂದೇ ಪ್ರತಿ. ಲಿನಕ್ಸ್‌ನಲ್ಲಿ 2009ರಿಂದ ಕೆಎಸ್‌ಎಂ ಕೂಡ ಇದೆ, ಒಂದೇ ಥರದ ಪುಟಗಳನ್ನು (ಮೆಮೊರಿಯ 4 ಕೆಬಿ ತುಂಡುಗಳನ್ನು) ಒಂದಾಗಿಸುತ್ತದೆ. ಆದರೆ ಅದು ಪುಟಗಳನ್ನು ಹುಡುಕುತ್ತಾ ಸಿಪಿಯು ತಿನ್ನುತ್ತದೆ, ಪಕ್ಕದ ನೋಡ್ ಅದಕ್ಕೆ ಕಾಣುವುದೂ ಇಲ್ಲ.

ಇನ್ನೊಂದು ನೋಡ್‌ನಲ್ಲಿ ಇದೆಯಲ್ಲ ಅಂತ ಇಲ್ಲಿನ ಪ್ರತಿ ಅಳಿಸಿದರೆ ಏನಾಗುತ್ತದೆ? ಸ್ವಂತ ರ‍್ಯಾಮ್ ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಪಕ್ಕದ ನೋಡ್‌ನಿಂದ ತರಲು ಮಾಮೂಲಿ ಈಥರ್ನೆಟ್‌ನಲ್ಲಿ ಹತ್ತಾರು ಮೈಕ್ರೋಸೆಕೆಂಡ್ ಬೇಕು. ಲೆಕ್ಕ ತೆವಳುತ್ತದೆ.

ಚೆಕ್‌ಪಾಯಿಂಟ್ ವಿಷಯ ಬೇರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳುವಂತಿಲ್ಲ, ಪದೇಪದೇ ಉಳಿಸಲೇಬೇಕು. ಆಗ ಎಲ್ಲ ನೋಡ್‌ಗಳೂ ಅದೇ ನಕ್ಷೆಯನ್ನು ಅದೇ ಡಿಸ್ಕಿಗೆ ಸುಮ್ನೆ ಬರೆಯುವುದು ಯಾಕೆ? ಪ್ರತಿ 4 ಕೆಬಿ ಪುಟಕ್ಕೆ 16 ಬೈಟ್‌ನ ಹ್ಯಾಶ್ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಮಾಡಿ, ಒಂದೇ ಹ್ಯಾಶ್ ಇರುವ ಪುಟವನ್ನು ಒಂದು ಸಲ ಮಾತ್ರ ಬರೆದರೆ ಆಯಿತು. 64 ಜಿಬಿ ನೋಡ್ ಅಂದರೆ ಸುಮಾರು 1 ಕೋಟಿ 68 ಲಕ್ಷ ಪುಟ. ಅಷ್ಟಕ್ಕೂ ಹ್ಯಾಶ್ ಪಟ್ಟಿ ಬರೀ 256 ಎಂಬಿ. ಅದನ್ನೂ ನೋಡ್‌ಗಳಿಗೆ ಹಂಚಿಡಬಹುದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಕಾನ್‌ಕಾರ್ಡ್ ಎಂಬ ವ್ಯವಸ್ಥೆ ಇದೇ ದಾರಿಯದು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಎಚ್ಚರ: ಪಟ್ಟಿ ಹಳೆಯದಾಗಿರಬಹುದು, ಹ್ಯಾಶ್ ಮಾಡಿದ ಮೇಲೆ ಪ್ರೋಗ್ರಾಂ ಪುಟವನ್ನು ಬದಲಿಸಿರಬಹುದು. ಹಾಗಾಗಿ ಪಟ್ಟಿ ಬರೀ ಸುಳಿವು. ಬರೆಯುವ ಹೊತ್ತಿಗೆ ಪುಟವನ್ನು ಮತ್ತೆ ನೋಡಲೇಬೇಕು. ಇದನ್ನು ಬಿಟ್ಟರೆ ಚೆಕ್‌ಪಾಯಿಂಟ್ ಕೆಟ್ಟಿರುತ್ತದೆ, ಗೊತ್ತಾಗುವುದು ರೀಸ್ಟಾರ್ಟ್ ಮಾಡಿದಾಗ.

ಎಲ್ಲ ಡೇಟಾಕ್ಕೂ ಇದು ಫಲಿಸುವುದಿಲ್ಲ. ನೀರಿನ ಮಟ್ಟದಂಥ ಲೆಕ್ಕದ ಅರೇಗಳು (ಸಂಖ್ಯೆಗಳ ಸಾಲುಗಳು) ನೋಡ್‌ನಿಂದ ನೋಡ್‌ಗೆ ಬೇರೆಯೇ. ಒಂದೇ ಒಂದು ಬಿಟ್ ಬದಲಾದರೂ ಇಡೀ ಪುಟ ಬೇರೆ. ಒಂದೇ ಡೇಟಾ ಎರಡು ನೋಡ್‌ಗಳಲ್ಲಿ ಪುಟದೊಳಗೆ ಬೇರೆ ಬೇರೆ ಜಾಗದಿಂದ ಶುರುವಾದರೂ ಹ್ಯಾಶ್ ಕೂಡುವುದಿಲ್ಲ. ಅದಕ್ಕೇ ದೊಡ್ಡ ಅರೇಗಳನ್ನು ಪುಟದ ಗಡಿಯಿಂದಲೇ ಶುರು ಮಾಡಿ.

ಕೋಡ್ ಮುಟ್ಟುವ ಮೊದಲು ಈಗಿರುವ ಚೆಕ್‌ಪಾಯಿಂಟ್ ಫೈಲ್‌ಗಳನ್ನು ತಗೊಳ್ಳಿ. ಹೆಡರ್ ಬಿಟ್ಟು 4 ಕೆಬಿ ತುಂಡು ಮಾಡಿ ಹ್ಯಾಶ್ ಎಣಿಸಿ. ಸಣ್ಣ ಪೈಥಾನ್ ಸ್ಕ್ರಿಪ್ಟ್ ಸಾಕು. ಸೊನ್ನೆ ತುಂಬಿದ ಪುಟಗಳನ್ನು ಬೇರೆ ಎಣಿಸಿ, ಅವು ಸಾಮಾನ್ಯವಾಗಿ ಜಾಸ್ತಿ, ಮಾಮೂಲಿ ಕಂಪ್ರೆಷನ್‌ಗೇ ಕರಗುತ್ತವೆ. ಅವನ್ನು ಬಿಟ್ಟೂ ಕಾಲು ಭಾಗದಷ್ಟು ನಕಲು ಸಿಕ್ಕರೆ ಕೆಲಸ ಶುರು ಮಾಡಿ.