ಹಾಸನದಲ್ಲೇ ಲಾ ಓದಿದರೆ ಪ್ರಯೋಜನವಿದೆಯೇ? ಈ ಲಾ ಕಾಲೇಜುಗಳನ್ನು ಕಟ್ಟಿದವರು ಯಾರು?

ನೀವು ಒಂದೇ ಉಸಿರಿಗೆ ಎರಡು ವಿಷಯ ಕೇಳಿದ್ದೀರಿ. ಅರಸೀಕೆರೆಯಲ್ಲಿ ಬಿ.ಎ. ಮುಗಿಸಿ ಹಾಸನದಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಬೇಕು ಅಂದುಕೊಂಡಿದ್ದೀರಿ, ಆದರೆ ಮನೆಯಲ್ಲಿ ತಂದೆಯವರು "ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬಿಟ್ಟರೆ ಉಳಿದದ್ದೆಲ್ಲ ಹೆಸರಿಗಷ್ಟೇ ಲಾ ಕಾಲೇಜು" ಅನ್ನುತ್ತಿದ್ದಾರೆ. ಜೊತೆಗೆ, ಈ ಲಾ ಕಾಲೇಜುಗಳು ಹೇಗೆ ಹುಟ್ಟಿದವು, ಯಾರು ಕಟ್ಟಿದರು ಅಂತಲೂ ಕೇಳಿದ್ದೀರಿ. ನಾನು ಎರಡನೆಯದನ್ನೇ ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ತಂದೆಯವರ ಮಾತಿಗೆ ಏನು ಹೇಳಬೇಕೆಂದು ನಿಮಗೇ ಹೊಳೆಯುತ್ತದೆ. ನಾನು ಹಾಸನದಲ್ಲಿ ಸಿವಿಲ್ ಕೇಸು ನಡೆಸುವ ವಕೀಲ, ಲಾ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡುತ್ತೇನೆ. ಹಾಗಾಗಿ ಈ ವಿಷಯದಲ್ಲಿ ನನಗೆ ಪಕ್ಷಪಾತ ಇದೆ ಅಂತಲೇ ಓದಿಕೊಳ್ಳಿ.

ನಮ್ಮ ದೇಶದಲ್ಲಿ ಲಾ ಕಾಲೇಜು ಹುಟ್ಟಿದ್ದು ಕೋರ್ಟಿನ ಪಕ್ಕದಲ್ಲಿ, ಕೋರ್ಟಿನ ಅಗತ್ಯಕ್ಕೆ. 1855ರಲ್ಲಿ ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಾನೂನು ತರಗತಿ ಶುರುವಾಯಿತು. ಕಲ್ಕತ್ತ, ಮದರಾಸುಗಳಲ್ಲೂ ಸುಮಾರು ಅದೇ ಹೊತ್ತಿಗೆ. ಈ ಮೂರೂ ಊರುಗಳಲ್ಲಿ ವಿಶ್ವವಿದ್ಯಾಲಯಗಳು ಬಂದದ್ದು 1857ರಲ್ಲಿ, ಅಂದರೆ ವಿಶ್ವವಿದ್ಯಾಲಯಕ್ಕಿಂತ ಮೊದಲೇ ಲಾ ಕ್ಲಾಸು ಇತ್ತು. ಆದರೂ ಬಹಳ ಕಾಲ ವಕೀಲರಾಗಲು ಪದವಿಯೊಂದೇ ದಾರಿಯಾಗಿರಲಿಲ್ಲ. ವಕೀಲ, ಪ್ಲೀಡರ್, ಮುಖ್ತ್ಯಾರ ಅಂತ ಬೇರೆ ಬೇರೆ ದರ್ಜೆಗಳಿದ್ದವು, ಅವಕ್ಕೆ ಬೇರೆ ಬೇರೆ ಪರೀಕ್ಷೆಗಳಿದ್ದವು. ಎಷ್ಟೋ ಜನ ಹಿರಿಯರ ಆಫೀಸಿನಲ್ಲಿ ನಕಲು ಬರೆಯುತ್ತಲೇ ಕೆಲಸ ಕಲಿತರು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರೂ ಹೆಚ್ಚಾಗಿ ಪ್ರಾಕ್ಟೀಸಿನ ವಕೀಲರೇ. ಕೋರ್ಟು ಕೂರುವ ಮುಂಚೆ ಒಂದೆರಡು ಗಂಟೆ, ಇಲ್ಲವೇ ಕೋರ್ಟು ಎದ್ದ ಮೇಲೆ ಸಂಜೆ. ಲಾ ಅಂದರೆ ಬೇರೆ ಕೆಲಸದ ಜೊತೆಗೆ ಓದಿಕೊಳ್ಳುವ ವಿಷಯ ಎಂಬ ಭಾವನೆ ಅಲ್ಲಿಂದಲೇ ಬಂತು. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ.

ಆದರೆ ಆ ಪಾರ್ಟ್‌ಟೈಮ್ ಕಾಲೇಜುಗಳನ್ನು ಹಗುರವಾಗಿ ಕಾಣಬೇಡಿ. ಬೊಂಬಾಯಿಯ ಗೌರ್ನಮೆಂಟ್ ಲಾ ಕಾಲೇಜಿಗೆ 1935ರಲ್ಲಿ ಪ್ರಿನ್ಸಿಪಾಲರಾಗಿ ಬಂದವರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹನ್ನೆರಡು ವರ್ಷ ಮೊದಲು ಅವರು ಲಾ ಕಾಲೇಜು ನಡೆಸಿದ ಮೇಷ್ಟ್ರು, ಕಾನೂನು ಶಿಕ್ಷಣ ಹೇಗೆ ಬದಲಾಗಬೇಕು ಅಂತ 1936ರಲ್ಲೇ ಲೇಖನ ಬರೆದವರು. ಇದನ್ನು ನಮ್ಮ ಹುಡುಗರಿಗೆ ಹೇಳಿದಾಗ ಹೆಚ್ಚಿನವರು ಹೊಸದಾಗಿ ಕೇಳಿದಂತೆ ನೋಡುತ್ತಾರೆ. ನನಗೆ ಅದು ಬೇಸರದ ವಿಷಯ.

ಇನ್ನು ನಮ್ಮ ಕಡೆಯ ಕಥೆ. ಹಾಸನ, ಚಿಕ್ಕಮಗಳೂರು ಎರಡೂ ಹಳೇ ಮೈಸೂರು ಸಂಸ್ಥಾನದವು. ಸಂಸ್ಥಾನದಲ್ಲಿ ಕೋರ್ಟುಗಳಿದ್ದವು, ಮಹಾರಾಜ ಕಾಲೇಜು ಇತ್ತು, 1916ರಲ್ಲಿ ವಿಶ್ವವಿದ್ಯಾಲಯವೂ ಬಂತು. ಆದರೂ ಲಾ ಓದಬೇಕೆಂದರೆ ಪೆಟ್ಟಿಗೆ ಕಟ್ಟಿಕೊಂಡು ಪುಣೆಗೋ ಬೊಂಬಾಯಿಗೋ ಮದರಾಸಿಗೋ ಹೋಗಬೇಕಿತ್ತು. ಎಸ್. ನಿಜಲಿಂಗಪ್ಪನವರು ಲಾ ಓದಿದ್ದು ಪುಣೆಯಲ್ಲಿ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಪುಣೆಯಲ್ಲೇ. ಇಂಡಿಯನ್ ಲಾ ಸೊಸೈಟಿಯವರು 1924ರಲ್ಲಿ ಪುಣೆಯಲ್ಲಿ ಕಾಲೇಜು ತೆರೆದಿದ್ದರು, ಜೆ.ಆರ್. ಘಾರ್ಪುರೆ ಅದರ ಮೊದಲ ಪ್ರಿನ್ಸಿಪಾಲರು. ಅನುಕೂಲ ಇದ್ದವರ ಮಕ್ಕಳಷ್ಟೇ ಅಷ್ಟು ದೂರ ಹೋಗಿ ಓದಬಲ್ಲವರಾಗಿದ್ದರು. ಬಡವರ ಮನೆಯ ಎಷ್ಟು ಮಕ್ಕಳು ಊರಲ್ಲೇ ಗುಮಾಸ್ತರಾಗಿ ಉಳಿದರೋ ಯಾರಿಗೆ ಗೊತ್ತು. ನಿಮ್ಮ ಊರಿನಿಂದ ಗಂಟೆಯ ದಾರಿಯಲ್ಲಿ ಒಂದು ಲಾ ಕಾಲೇಜು ಇದೆಯಲ್ಲ, ಅದರ ಬೆಲೆಯನ್ನು ನಾನು ಈ ಲೆಕ್ಕದಲ್ಲಿ ನೋಡುತ್ತೇನೆ.

ಕನ್ನಡದ ನೆಲದಲ್ಲಿ ಆ ಬಾಗಿಲು ತೆರೆದದ್ದು ಬೆಳಗಾವಿ. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಅಲ್ಲಿ ಕಾಲೇಜು ಶುರುಮಾಡಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಪಾಂಡವಪುರ ಸೀಮೆಯಿಂದ ಬಂದು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು, ಮುಂದೆ ಅಟಾರ್ನಿ ಜನರಲ್ ಆದ ಕೆ.ಕೆ. ವೇಣುಗೋಪಾಲ್ ಇಬ್ಬರೂ ಅಲ್ಲಿ ಓದಿದವರು. ಆಗ ಬೆಳಗಾವಿ ದೆಹಲಿಯೂ ಅಲ್ಲ, ಬೊಂಬಾಯಿಯೂ ಅಲ್ಲ, ಒಂದು ಜಿಲ್ಲಾ ಕೇಂದ್ರ ಅಷ್ಟೇ. ಬೆಂಗಳೂರಿಗೆ ಸರ್ಕಾರಿ ಲಾ ಕಾಲೇಜು ಬಂದದ್ದು ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ. 1957ರಲ್ಲಿ ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ ಇನ್ನೊಂದನ್ನು ತೆರೆದರು, ಅದೇ ಇವತ್ತಿನ ವೈಕುಂಠ ಬಾಳಿಗಾ ಕಾಲೇಜು.

ಹೆಣ್ಣುಮಕ್ಕಳ ಮಾತು ಬೇರೆಯೇ ಹೇಳಬೇಕು. ನಮ್ಮ ದೇಶದ ಮೊದಲ ವಕೀಲೆಯರಲ್ಲಿ ಒಬ್ಬರಾದ ಕಾರ್ನೇಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಲಾ ಪರೀಕ್ಷೆ ಬರೆದು ಪಾಸಾದರು, ಪದವಿ ಕೈಗೆ ಬಂದದ್ದು ಮೂವತ್ತು ವರ್ಷದ ಮೇಲೆ. ಇಲ್ಲಿ ಹೆಂಗಸರು ವಕೀಲಿ ಮಾಡಬಹುದು ಅಂತ ಕಾನೂನೇ ಆದದ್ದು 1923ರಲ್ಲಿ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ನಾಡು ಕಥೆಗಾರ್ತಿ ಎಂದು ಸಂಭ್ರಮಿಸಿತು. ಅವರು ಇದೇ ಊರಿನ ವಕೀಲರು ಅನ್ನುವುದು ನಮಗೆ ಇನ್ನೊಂದು ಹೆಮ್ಮೆ.

ಸ್ವಾತಂತ್ರ್ಯದ ನಂತರ ಕಾಲೇಜುಗಳ ಸಂಖ್ಯೆ ಬೆಳೆಯಿತು, ಗುಣಮಟ್ಟ ಬೆಳೆಯಲಿಲ್ಲ. ವಿಶ್ವವಿದ್ಯಾಲಯಗಳ ಶಿಕ್ಷಣ ಪರಿಶೀಲಿಸಿದ ರಾಧಾಕೃಷ್ಣನ್ ಆಯೋಗ ಇದನ್ನು ಹೇಳಿತು. 1958ರಲ್ಲಿ ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಇನ್ನೂ ಖಾರವಾಗಿ ಹೇಳಿತು. 1961ರ ವಕೀಲರ ಕಾಯ್ದೆ ಬಂದು ಶಿಕ್ಷಣದ ಮಟ್ಟ ನೋಡಿಕೊಳ್ಳುವ ಹೊಣೆ ವಕೀಲರ ರಾಷ್ಟ್ರಮಟ್ಟದ ಮಂಡಳಿಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಹೆಗಲಿಗೆ ಬಿತ್ತು. ಹಾರ್ವರ್ಡಿನಲ್ಲಿ ಲ್ಯಾಂಗ್‌ಡೆಲ್ 1870ರಲ್ಲಿ ಶುರುಮಾಡಿದ ಪದ್ಧತಿ, ಅಂದರೆ ತೀರ್ಪುಗಳನ್ನೇ ಓದಿಸಿ ಪ್ರಶ್ನೆ ಕೇಳಿ ಪಾಠ ಮಾಡುವುದು, 1960ರ ದಶಕದಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಬೇರೂರಿತು. ಊರ ಕಡೆಯ ಕಾಲೇಜುಗಳಲ್ಲಿ ಮಾತ್ರ ನೋಟ್ಸ್ ಓದಿ ಬರೆಸುವುದೇ ಪಾಠವಾಗಿ ಉಳಿಯಿತು. ತಂದೆಯವರು ಹೇಳುವ "ಹೆಸರಿಗಷ್ಟೇ ಕಾಲೇಜು" ಅನ್ನುವ ಮಾತಿಗೆ ಆಧಾರ ಇಲ್ಲದೇ ಇಲ್ಲ.

ಈಗ ನ್ಯಾಷನಲ್ ಲಾ ಸ್ಕೂಲಿಗೆ ಬರೋಣ. ಅದನ್ನು ಕಟ್ಟಿದವರು ಪ್ರೊ. ಎನ್.ಆರ್. ಮಾಧವ ಮೆನನ್. ತಿರುವನಂತಪುರದವರು, ಹುಟ್ಟಿದ್ದು 1935ರಲ್ಲಿ. ಅಲಿಗಢದಲ್ಲಿ ಪಿಎಚ್‌.ಡಿ. ಮಾಡಿ, ದೆಹಲಿಯಲ್ಲಿ ಬಹುಕಾಲ ಪಾಠ ಮಾಡಿ, ಬಾರ್ ಕೌನ್ಸಿಲ್ ಜೊತೆ ಕೆಲಸ ಮಾಡಿದವರು. ಪದವಿ ಮುಗಿಸಿ ಬಂದವರಿಗೆ ಸಂಜೆ ಹೊತ್ತು ಲಾ ಕಲಿಸುವುದು ಸಾಲದು, ಪಿ.ಯು.ಸಿ. ಮುಗಿದ ಕೂಡಲೇ ಮಕ್ಕಳನ್ನು ತಂದು ಐದು ವರ್ಷ ಪೂರ್ತಿ ಅದರಲ್ಲೇ ಮುಳುಗಿಸಬೇಕು ಅನ್ನುವುದು ಅವರ ಹಟ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಎಲ್ಲವನ್ನೂ ಕಾನೂನಿನ ಜೊತೆಗೇ ಕಲಿಸಬೇಕು ಅಂತ. ಕರ್ನಾಟಕ ಸರ್ಕಾರ 1986ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಆಗ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. 1988ರಲ್ಲಿ ಮೊದಲ ತಂಡ ಬಂದಾಗ ನಾಗರಭಾವಿಯ ಈಗಿನ ಕಟ್ಟಡ ಇರಲಿಲ್ಲ, ಸೆಂಟ್ರಲ್ ಕಾಲೇಜಿನ ಆವರಣದಲ್ಲೇ ಕ್ಲಾಸು. ಮೂರು ತಿಂಗಳ ಅವಧಿಗಳು, ಪ್ರತಿ ವಿಷಯಕ್ಕೂ ವಿದ್ಯಾರ್ಥಿಯೇ ಸಂಶೋಧನೆ ಮಾಡಿ ಬರೆಯಬೇಕಾದ ಪ್ರಬಂಧ. ಅದರ ಮಾದರಿಯಲ್ಲಿ ರಾಜ್ಯ ರಾಜ್ಯಗಳಲ್ಲೂ ಲಾ ವಿಶ್ವವಿದ್ಯಾಲಯಗಳಾದವು. ಮೆನನ್ ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಇದ್ದರು, ಮುಂದೆ ಕೋಲ್ಕತ್ತದಲ್ಲಿ ಇನ್ನೊಂದು ಲಾ ವಿಶ್ವವಿದ್ಯಾಲಯ ಕಟ್ಟಿದರು, ಭೋಪಾಲದಲ್ಲಿ ನ್ಯಾಯಾಧೀಶರಿಗೆ ತರಬೇತಿ ಕೊಡುವ ಅಕಾಡೆಮಿಯನ್ನೂ ನಡೆಸಿದರು. 2019ರಲ್ಲಿ ತೀರಿಕೊಂಡರು.

ಮೆನನ್ ಎಂದ ಕೂಡಲೇ ಜನ ದೊಡ್ಡ ಸಂಬಳ, ಕಾರ್ಪೊರೇಟ್ ಲಾ ಫರ್ಮು ಅನ್ನುತ್ತಾರೆ. ಇದು ಅವರಿಗೆ ಮಾಡುವ ಅನ್ಯಾಯ. ಜೀವನವಿಡೀ ಅವರು ಒತ್ತಿ ಹೇಳಿದ್ದು ಕಾನೂನು ನೆರವಿನ ಬಗ್ಗೆ, ಕ್ಲಿನಿಕ್ ಬಗ್ಗೆ. ಮೆಡಿಕಲ್ ವಿದ್ಯಾರ್ಥಿ ರೋಗಿಯನ್ನು ನೋಡಿ ಕಲಿಯುವಂತೆ ಲಾ ವಿದ್ಯಾರ್ಥಿ ಕಕ್ಷಿದಾರರನ್ನು ನೋಡಿ ಕಲಿಯಬೇಕು ಅನ್ನುವ ವಿಚಾರ ಅದು. ಇವತ್ತು ದೇಶದ ಯಾವುದೇ ಲಾ ಕಾಲೇಜಿನಲ್ಲಿ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯ: ದಾವಾಪತ್ರ ಮತ್ತು ಕರಾರು ಪತ್ರ ಬರೆಯುವುದು, ವೃತ್ತಿ ನೀತಿ, ಕೋರ್ಟಿನ ಹೊರಗೆ ವ್ಯಾಜ್ಯ ಬಗೆಹರಿಸುವುದು, ಅಣಕು ನ್ಯಾಯಾಲಯ. ಕೊನೆಯದರಲ್ಲಿ ನಿಜವಾದ ಕೋರ್ಟಿಗೆ ಹೋಗಿ ವಿಚಾರಣೆ ನೋಡಿ ಡೈರಿ ಬರೆಯುವುದೂ ಸೇರಿದೆ.

ಈ ಕೆಲಸಕ್ಕೆ ಹಾಸನದಂಥ ಊರು ಹೇಳಿ ಮಾಡಿಸಿದ ಜಾಗ ಅಂತ ನಾನು ನಂಬಿದ್ದೇನೆ. ಒಂದು ಉದಾಹರಣೆ ಕೊಡುತ್ತೇನೆ.

ಆಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾನೂನು ನೆರವಿನ ಕ್ಯಾಂಪು. ಶಾಲೆಯ ಜಗಲಿಯಲ್ಲಿ ಎರಡು ಬೆಂಚು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಕೊಟ್ಟರು. ಎರಡನೇ ವರ್ಷದ ಹುಡುಗಿ ಅದನ್ನು ಬಿಡಿಸಿ ನೋಡಿದಳು. 9ನೇ ಕಾಲಂನಲ್ಲಿ ಇನ್ನೂ ಅಜ್ಜಿಯ ಮಾವನ ಹೆಸರು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗೇ ಇಲ್ಲ. "ಮಾವ ತೀರಿಕೊಂಡಿದ್ದು ಯಾವಾಗ ಅಜ್ಜಿ?" ಅಂದರೆ, "ಗೊರೂರು ಡ್ಯಾಮಿಗೆ ನೀರು ನಿಲ್ಲಿಸಿದ್ರಲ್ಲ, ಆ ವರ್ಷ ಕಣವ್ವ." ಮರಣದ ನೋಂದಣಿಯೇ ಆಗಿರಲಿಲ್ಲ. ಆ ಉತ್ತರವನ್ನು ಅರ್ಜಿಯಲ್ಲಿ ತಾರೀಖಾಗಿ ಹೇಗೆ ಬರೆಯುವುದು, ಅದಕ್ಕೆ ಸಾಕ್ಷಿ ಯಾರು, ಯಾವ ಕಚೇರಿಯಿಂದ ಆದೇಶ ತರಬೇಕು ಅನ್ನುವುದು ಯಾವ ಪಠ್ಯಪುಸ್ತಕದಲ್ಲೂ ಒಂದೇ ಕಡೆ ಸಿಗುವುದಿಲ್ಲ. ಆಮೇಲೆ ವಂಶವೃಕ್ಷ ಬರೆಯಲು ಕೂತರು. ಅಜ್ಜಿ ಮಾವನ ಗಂಡುಮಕ್ಕಳ ಹೆಸರಷ್ಟೇ ಹೇಳಿದರು. ಹುಡುಗಿ ಪೆನ್ನು ನಿಲ್ಲಿಸಿ, "ಹೆಣ್ಣುಮಕ್ಕಳು?" ಅಂತ ಕೇಳಿದಳು. "ಇಬ್ಬರು. ಕೊಟ್ಟ ಮನೆಗೆ ಹೋದರಲ್ಲ, ಅವರದ್ಯಾಕೆ?" 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಲ್ಲಿ ಮಗಳೂ ಮೊದಲ ದರ್ಜೆಯ ವಾರಸುದಾರಳು ಅಂತ ಆಕೆ ಪರೀಕ್ಷೆಯಲ್ಲಿ ಬರೆದಿದ್ದವಳೇ. ಅದನ್ನು ಅಜ್ಜಿಗೆ ನೋವಾಗದಂತೆ, ಸುಳ್ಳನ್ನೂ ಹೇಳದಂತೆ ವಿವರಿಸುವುದಕ್ಕೆ ಅವಳಿಗೆ ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಅವಳು ಕಲಿತದ್ದನ್ನು ನಾನು ಒಂದು ಸೆಮಿಸ್ಟರಿನಲ್ಲಿ ಕಲಿಸಲಾರೆ.

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ, ನಿಮಗೆ ಅದರ ಅಳುಕು ಇದ್ದಂತಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆದ ಮೇಲೆ ಹಾಸನದ ಎಂ. ಕೃಷ್ಣ ಲಾ ಕಾಲೇಜು, ಹೊಳೆನರಸೀಪುರದ ಸರ್ಕಾರಿ ಲಾ ಕಾಲೇಜು ಎರಡೂ ಅದರ ಕೆಳಗೆ ಬಂದವು. ಅದರ ಮೂರು ವರ್ಷದ ಕೋರ್ಸಿನ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರುತ್ತದೆ. ಉತ್ತರವನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು, ಎರಡನ್ನೂ ಬೆರೆಸುವ ಹಾಗಿಲ್ಲ ಅಷ್ಟೇ. ಕನ್ನಡದಲ್ಲಿ ಬರೆಯಿರಿ, ತಪ್ಪಿಲ್ಲ. ಇಲ್ಲಿನ ಕೋರ್ಟುಗಳಲ್ಲಿ ಸಾಕ್ಷಿ ಮಾತಾಡುವುದೂ ಕನ್ನಡ, ಪಾಟೀಸವಾಲು ಮಾಡುವುದೂ ಕನ್ನಡ. ಆದರೆ ಹೈಕೋರ್ಟು, ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಇಂಗ್ಲಿಷಿನಲ್ಲೇ ಓದುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ, ದಿನಕ್ಕೆ ನಾಲ್ಕು ಪುಟವಾದರೂ ಸರಿ. ಕನ್ನಡದಲ್ಲಿ ಒಳ್ಳೆಯ ಕಾನೂನು ಪುಸ್ತಕಗಳು ಇನ್ನೂ ಕಡಿಮೆ. ಈ ಕೊರತೆ ತುಂಬುವುದು ನಮ್ಮಂಥ ಮೇಷ್ಟ್ರುಗಳ ಬಾಕಿ ಕೆಲಸ.

ತಂದೆಯವರಿಗೆ ಒಂದು ಮಾತು ತಿಳಿಸಿ: ನ್ಯಾಷನಲ್ ಲಾ ಸ್ಕೂಲಿನ ಐದು ವರ್ಷದ ಕೋರ್ಸು ಪಿ.ಯು.ಸಿ. ಮುಗಿಸಿದವರಿಗೆ. ಪದವಿ ಆದವರಿಗೆ ಅಲ್ಲಿ ಈಗ ಮೂರು ವರ್ಷದ ಕೋರ್ಸೂ ಇದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಆಸೆ ಇದ್ದರೆ ಖಂಡಿತ ಬರೆಯಿರಿ. ಸಿಗದಿದ್ದರೆ ಒಂದು ವರ್ಷ ಕಾಯುತ್ತಾ ಮನೆಯಲ್ಲಿ ಕೂರಬೇಡಿ. ಎಲ್ಲಿ ಓದಿದರೂ ಕೊನೆಗೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಕೊಡುವುದು ಅದೇ ರಾಜ್ಯ ಬಾರ್ ಕೌನ್ಸಿಲ್, ಬರೆಯಬೇಕಾದದ್ದು ಅದೇ ಅಖಿಲ ಭಾರತ ಬಾರ್ ಪರೀಕ್ಷೆ.

ಸೇರುವ ಮುಂಚೆ ಕಾಲೇಜಿಗೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಕಟ್ಟಡ ನೋಡಬೇಡಿ, ಫಲಿತಾಂಶದ ಬ್ಯಾನರ್ ನೋಡಬೇಡಿ. ಲೈಬ್ರರಿಯಲ್ಲಿ ಲಾ ರಿಪೋರ್ಟುಗಳು, ಅಂದರೆ ತೀರ್ಪುಗಳ ಸಂಪುಟಗಳು, ಈ ವರ್ಷದವರೆಗೂ ಇವೆಯಾ ನೋಡಿ. ಪೂರ್ಣಾವಧಿ ಅಧ್ಯಾಪಕರು ಎಷ್ಟು ಜನ ಅಂತ ಕೇಳಿ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಚಹಾಕ್ಕೆ ಕರೆದು, ನಿಮ್ಮ ಕಾನೂನು ನೆರವಿನ ಕ್ಲಿನಿಕ್ ಹೋದ ಸಲ ಯಾವ ಹಳ್ಳಿಗೆ ಹೋಗಿತ್ತು, ಅಲ್ಲಿ ಯಾರ ಅರ್ಜಿ ಬರೆದುಕೊಟ್ಟಿರಿ ಅಂತ ವಿಚಾರಿಸಿ. ಹಳ್ಳಿಯ ಹೆಸರು ತಟ್ಟನೆ ಬಂದರೆ ಮರುಮಾತಿಲ್ಲದೆ ಅರ್ಜಿ ಫಾರಂ ತಗೊಳ್ಳಿ.