ಕುಂಟುವ ಸಿಂಹಿಣಿಗೆ ಅವತ್ತೇ ಯಾಕೆ ಚಿಕಿತ್ಸೆ ಇಲ್ಲ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಮಕ್ಕಳನ್ನು ಕರೆದುಕೊಂಡು ಮೃಗಾಲಯಕ್ಕೆ ಹೋಗಿದ್ದೆ. ಅಲ್ಲೊಂದು ಮುದಿ ಸಿಂಹಿಣಿ ಹಿಂಗಾಲು ಎಳೆಯುತ್ತಾ ನಡೆಯುತ್ತಿತ್ತು. ಮೈಯೂ ಇಳಿದುಹೋಗಿತ್ತು. ಸಿಬ್ಬಂದಿಯನ್ನು ಕೇಳಿದರೆ 'ಡಾಕ್ಟರ್ ನೋಡ್ತಿದ್ದಾರೆ' ಎಂದಷ್ಟೇ ಹೇಳಿದರು. ವಾರ ಬಿಟ್ಟು ಹೋದಾಗಲೂ ಅದೇ ಕುಂಟು. ಈ ನಡುವೆ, ಚಿಕಿತ್ಸೆಗೆಂದು ಹಿಡಿದ ಜಿಂಕೆಯೊಂದು ಕೆಲವೇ ದಿನಕ್ಕೆ ಸತ್ತ ಸುದ್ದಿಯನ್ನೂ ಓದಿದೆ. ಮತ್ತಿನ ಮದ್ದು ಕೊಟ್ಟು ಮಲಗಿಸಿ ಔಷಧ ಕೊಡಲು ಏನು ಕಷ್ಟ? ಮನೆ ನಾಯಿ ಕುಂಟಿದರೆ ಅವತ್ತೇ ಓಡುತ್ತೇವೆ. ಇದು ನಿರ್ಲಕ್ಷ್ಯ ಅಲ್ವಾ? ಇಂಥದ್ದು ಕಂಡಾಗ ನಮ್ಮಂಥವರು ಏನು ಮಾಡಬೇಕು?"

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಇದೇ ಸಿಟ್ಟಿನ ಪತ್ರಗಳು ಆಗಾಗ ಬರುತ್ತಿರುತ್ತವೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಆ ಸಿಂಹಿಣಿಯನ್ನು ನಾನು ನೋಡಿಲ್ಲ. ಅಲ್ಲಿ ನಿರ್ಲಕ್ಷ್ಯ ಆಗಿದೆಯೋ ಇಲ್ಲವೋ ಎಂದು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ವಾರ ಕಳೆದರೂ ಕುಂಟುತ್ತಿದೆ, ಹಾಗಾದರೆ ಯಾರೂ ಏನೂ ಮಾಡಿಲ್ಲ ಎಂಬ ನಿಮ್ಮ ಲೆಕ್ಕ ಒಪ್ಪಲು ಕಷ್ಟ. ಝೂ ಡಾಕ್ಟರ ಕೆಲಸದಲ್ಲಿ ತುಂಬಾ ತಲೆನೋವಿನದ್ದು ಔಷಧ ಕೊಡುವುದಲ್ಲ. ಈ ಪ್ರಾಣಿಯನ್ನು ಇವತ್ತು ಮುಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವುದು.

ನಿಮ್ಮ ಸಿಂಹಿಣಿಯನ್ನೇ ತೆಗೆದುಕೊಳ್ಳೋಣ. ಕಾಡಿನಲ್ಲಿ ಸಿಂಹಿಣಿ ಹದಿನೈದು ವರ್ಷ ಬದುಕಿದರೆ ದೊಡ್ಡದು. ಮೃಗಾಲಯದಲ್ಲಿ ಇಪ್ಪತ್ತು ದಾಟುವುದೂ ಉಂಟು. ಅಷ್ಟು ವಯಸ್ಸಾದ ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಬರುವುದು ಎರಡು: ಕೀಲು ಸವೆತ ಮತ್ತು ಕಿಡ್ನಿ ತೊಂದರೆ. ಕುಂಟಲು ಇನ್ನೊಂದು ಕಾರಣವೂ ಇದೆ. ಮುದಿ ಪ್ರಾಣಿ ಉಗುರನ್ನು ಮರಕ್ಕೆ ಉಜ್ಜಿ ಸವೆಸುವುದು ಕಡಿಮೆ. ಉಗುರು ಬೆಳೆದು, ಬಾಗಿ, ಅಂಗಾಲಿನ ಮೆತ್ತೆಗೇ ಚುಚ್ಚಿಕೊಳ್ಳುತ್ತದೆ. ಉಗುರಿನದ್ದಾದರೆ ಮಲಗಿಸಿ ಕತ್ತರಿಸಲೇಬೇಕು. ಕೀಲಿನದ್ದಾದರೆ ಮೊದಲು ನೋವಿನ ಔಷಧ ಕೊಟ್ಟು ನೋಡಬಹುದು. ಮಾಂಸದ ತುಂಡಿನೊಳಗೆ ಮಾತ್ರೆ ಇಟ್ಟು ಕೊಟ್ಟು, ನಡಿಗೆ ಸುಧಾರಿಸುತ್ತದೆಯೇ ಎಂದು ಒಂದೆರಡು ವಾರ ಗಮನಿಸುತ್ತಾರೆ. ಇಲ್ಲೂ ಒಂದು ಇಕ್ಕಟ್ಟಿದೆ. ಕೀಲುನೋವಿಗೆ ಕೊಡುವ ಅನೇಕ ಔಷಧಗಳು ಕಿಡ್ನಿಗೆ ಒಳ್ಳೆಯದಲ್ಲ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತ ಬೇಕು. ರಕ್ತ ತೆಗೆಯಲು ಪ್ರಾಣಿಯನ್ನು ಮಲಗಿಸಬೇಕು. ಕಿಡ್ನಿ ಕೆಟ್ಟಿದ್ದರೆ ಮಲಗಿಸುವುದೇ ಅಪಾಯ. ನೀವು ಎರಡನೇ ಸಲ ಹೋದ ದಿನ ಆ ಸಿಂಹಿಣಿ ಔಷಧದಲ್ಲೇ ಇದ್ದಿರಬಹುದು.

"ಮಲಗಿಸಲು ಏನು ಕಷ್ಟ" ಎಂದು ಕೇಳಿದ್ದೀರಿ. ಟಿವಿಯಲ್ಲಿ ನೋಡಿದರೆ ಡಾರ್ಟ್ (ದೂರದಿಂದ ಹಾರಿಸುವ ಮತ್ತಿನ ಸೂಜಿ) ಹೊಡೆದ ತಕ್ಷಣ ಪ್ರಾಣಿ ದೊಪ್ಪೆಂದು ಬೀಳುತ್ತದೆ. ನಿಜದಲ್ಲಿ ಹಾಗಲ್ಲ. ಮೊದಲ ಕೆಲಸವೇ ಹಿಂದಿನ ದಿನ ಊಟ ಬಿಡಿಸುವುದು. ಹೊಟ್ಟೆ ತುಂಬಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಡಾರ್ಟ್ ತಾಗಿದ ಮೇಲೆ ಹತ್ತು ಹದಿನೈದು ನಿಮಿಷ ಯಾರೂ ಮಾತಾಡುವಂತಿಲ್ಲ. ಗಲಾಟೆಯಾದರೆ ಪ್ರಾಣಿ ಮತ್ತಿನ ಜೊತೆ ಹೋರಾಡುತ್ತದೆ, ಆಗ ಇನ್ನೊಂದು ಡೋಸ್ ಬೇಕಾಗುತ್ತದೆ. ಮಲಗಿದಂತೆ ಕಂಡರೂ ಯಾರೂ ಸೀದಾ ಒಳಗೆ ಹೋಗುವುದಿಲ್ಲ. ಉದ್ದನೆಯ ಕೋಲಿನಿಂದ ಮೈ ತಟ್ಟುತ್ತಾರೆ. ಆಮೇಲೆ ಕಿವಿಯನ್ನು ಮೆಲ್ಲಗೆ ಮುಟ್ಟುತ್ತಾರೆ. ಕಿವಿ ಪಟಕ್ ಎಂದು ಅಲುಗಿತೋ, ಹಿಂದೆ ಸರಿಯಬೇಕು. ಇನ್ನೂ ಪೂರ್ತಿ ಮತ್ತು ಬಂದಿಲ್ಲ ಎಂದರ್ಥ.

ಒಳಗೆ ಹೋದ ಮೇಲೆ ಎಲ್ಲವೂ ಗಡಿಯಾರದ ಜೊತೆ ಓಟ. ರೆಪ್ಪೆ ಮುಚ್ಚದ ಕಣ್ಣು ಒಣಗದಂತೆ ಮುಲಾಮು ಹಾಕಿ ಬಟ್ಟೆ ಕಟ್ಟುತ್ತಾರೆ. ನಾಲಿಗೆ ಹೊರಗೆಳೆದು ಆಮ್ಲಜನಕ ಅಳೆಯುವ ಕ್ಲಿಪ್ ಸಿಕ್ಕಿಸುತ್ತಾರೆ. ಒಬ್ಬರು ಉಸಿರು ಎಣಿಸುತ್ತಿದ್ದರೆ ಇನ್ನೊಬ್ಬರು ಮೈಬಿಸಿ ನೋಡುತ್ತಿರುತ್ತಾರೆ. ಹೇಗೂ ಮಲಗಿಸಿದ್ದಾಗಿದೆ ಎಂದು ರಕ್ತ, ಎಕ್ಸ್‌ರೇ, ಹಲ್ಲು, ಉಗುರು, ತೂಕ, ಲಸಿಕೆ ಎಲ್ಲವನ್ನೂ ಅದೇ ಹೊತ್ತಿನಲ್ಲಿ ಮುಗಿಸುತ್ತಾರೆ. ಮತ್ತೆ ಇನ್ಯಾವಾಗ ಮಲಗಿಸುತ್ತಾರೋ ಗೊತ್ತಿಲ್ಲ ನೋಡಿ. ಕೊನೆಗೆ ಮತ್ತನ್ನು ಇಳಿಸುವ ಚುಚ್ಚುಮದ್ದು ಕೊಟ್ಟು ಬಾಗಿಲು ಹಾಕಿಕೊಂಡು ಹೊರಬರುತ್ತಾರೆ.

ಇದು ಹುಲಿ, ಸಿಂಹದ ಕಥೆ. ಜಿರಾಫೆಯದ್ದು ಇನ್ನೂ ಕಷ್ಟ. ಅದರ ರಕ್ತದೊತ್ತಡ ಮನುಷ್ಯನದಕ್ಕಿಂತ ಸುಮಾರು ಎರಡು ಪಟ್ಟು. ಬೀಳುವಾಗ ಆ ಕತ್ತನ್ನು ಹಿಡಿಯಲೇ ನಾಲ್ಕಾರು ಜನ ಬೇಕು. ಮಲಗಿದ ಮೇಲೂ ತಲೆಯನ್ನು ಎತ್ತರದಲ್ಲೇ ಇಡಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರುಗಟ್ಟುತ್ತದೆ. ದೊಡ್ಡ ಗೊರಸಿನ ಪ್ರಾಣಿಗಳಿಗೆ ಬಳಸುವ ಎಟಾರ್ಫಿನ್ ಎಂಬ ಔಷಧ ಎಷ್ಟು ತೀಕ್ಷ್ಣವೆಂದರೆ, ಒಂದು ಹನಿ ಡಾಕ್ಟರ ಗಾಯಕ್ಕೆ ತಾಗಿದರೂ ಅವರ ಜೀವಕ್ಕೇ ಅಪಾಯ. ಅದಕ್ಕೆ ಮನುಷ್ಯರಿಗೆ ಕೊಡುವ ಪ್ರತ್ಯೌಷಧವನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಶುರು ಮಾಡುತ್ತಾರೆ.

ಡೋಸ್‌ನ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. 1962ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಟಸ್ಕೋ ಎಂಬ ಗಂಡಾನೆಗೆ ಪ್ರಯೋಗಕ್ಕೆಂದು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ವಸ್ತು ಚುಚ್ಚಿದರು. ಬೆಕ್ಕು ತಡೆದುಕೊಳ್ಳುವ ಪ್ರಮಾಣವನ್ನು ಆನೆಯ ತೂಕಕ್ಕೆ ಗುಣಿಸಿ 297 ಮಿಲಿಗ್ರಾಂ ಎಂದು ಲೆಕ್ಕ ಹಾಕಿದ್ದರು. ಕೆಲವೇ ನಿಮಿಷದಲ್ಲಿ ಆನೆ ಕುಸಿಯಿತು. ಎಬ್ಬಿಸಲೆಂದು ಬೇರೆ ಔಷಧಗಳನ್ನೂ ಕೊಟ್ಟರು. ಎರಡು ಗಂಟೆಯೊಳಗೆ ಸತ್ತೇ ಹೋಯಿತು. ಕೊಂದದ್ದು ಎಲ್‌ಎಸ್‌ಡಿಯೋ ಆಮೇಲೆ ಕೊಟ್ಟದ್ದೋ ಎಂಬ ವಾದ ಇವತ್ತಿಗೂ ಇದೆ. ಲೆಕ್ಕ ತಪ್ಪು ಎಂಬುದರಲ್ಲಿ ಮಾತ್ರ ವಾದವಿಲ್ಲ. ಪ್ರಾಣಿ ದೊಡ್ಡದಾದಷ್ಟೂ ಅದರ ದೇಹ ಪ್ರತಿ ಕಿಲೋಗೆ ನಿಧಾನವಾಗಿ ಕೆಲಸ ಮಾಡುತ್ತದೆ. ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲೇ ಇದನ್ನು ತೋರಿಸಿದ್ದರು. ಮೂರು ಕಿಲೋ ಬೆಕ್ಕಿಗಿಂತ ಮೂರು ಟನ್ ಆನೆಯ ತೂಕ ಸಾವಿರ ಪಟ್ಟು. ಆದರೆ ಅವರ ಸೂತ್ರದ ಪ್ರಕಾರ ಅದರ ದೇಹ ಶಕ್ತಿ ಖರ್ಚು ಮಾಡುವುದು ಹೆಚ್ಚುಕಡಿಮೆ 178 ಪಟ್ಟು ಅಷ್ಟೇ. ಸುಮ್ನೆ ತೂಕಕ್ಕೆ ಗುಣಿಸಿದರೆ ಎಷ್ಟು ಜಾಸ್ತಿ ಆಗುತ್ತದೆ ನೋಡಿ. ಇಷ್ಟರ ಮೇಲೆ ಜಾತಿಜಾತಿಗೂ ಬೇರೆ ಬೇರೆ ವರಸೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಾಯಿಗಳಿಗೆಂದು ಮಾಡಿದ, ಡಿಸ್ಟೆಂಪರ್ ಎಂಬ ವೈರಸ್ ರೋಗದ ಲಸಿಕೆ ಕೆಂಪು ಪಾಂಡಾಗಳಿಗೆ ರೋಗವನ್ನೇ ತಂದಿಟ್ಟ ಉದಾಹರಣೆ ಇದೆ. ಎಷ್ಟೋ ಪ್ರಾಣಿಗಳಿಗೆ ಅವಕ್ಕೆಂದೇ ಪರೀಕ್ಷಿಸಿದ ಔಷಧವೇ ಇಲ್ಲ.

ನೀವು ಓದಿದ ಜಿಂಕೆಯ ಸುದ್ದಿಗೆ ಬರುತ್ತೇನೆ. ಜಿಂಕೆ ಜಾತಿಯವು ಬೆನ್ನಟ್ಟಿ ಹಿಡಿದಾಗ ವಿಪರೀತ ಹೆದರಿ ಓಡುತ್ತವೆ. ಮೈ ಕಾದು, ಸ್ನಾಯುಗಳೇ ಒಡೆಯತೊಡಗುತ್ತವೆ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುತ್ತದೆ. ಹಿಡಿದ ದಿನ ಚೆನ್ನಾಗಿಯೇ ಇದ್ದದ್ದು ಕೆಲವು ದಿನ ಬಿಟ್ಟು ಸಾಯಬಹುದು. ಗಾಯಕ್ಕಿಂತ ಹಿಡಿದದ್ದೇ ಮುಳುವಾಯಿತು ಎನ್ನುವಂತೆ. ಹಿಡಿಯುವ ಕ್ರಮ ತಪ್ಪಾಗಿದ್ದರೆ ಪ್ರಶ್ನಿಸಲೇಬೇಕು. ಆದರೆ ಒಂದೇ ಪತ್ರದಲ್ಲಿ ಸಿಂಹಿಣಿಯನ್ನು ಯಾಕೆ ಹಿಡಿಯಲಿಲ್ಲ, ಜಿಂಕೆಯನ್ನು ಯಾಕೆ ಹಿಡಿದಿರಿ ಎಂದು ಎರಡನ್ನೂ ಕೇಳಿದ್ದೀರಿ. ಆ ಡಾಕ್ಟರ ಮುಂದಿರುವುದೂ ಅದೇ ಎರಡು ಪ್ರಶ್ನೆ!

ಹಿಡಿಯದೆಯೂ ಚಿಕಿತ್ಸೆ ಮಾಡಲು ಸಾಧ್ಯವೇ? ಈಗೀಗ ಆಗುತ್ತಿದೆ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ. ಹುಲಿಗೆ ಬಾಲದಿಂದ ರಕ್ತ ಕೊಡಲು ಕಲಿಸುತ್ತಾರೆ. ಮುಂದೆ ಸರಳಿನ ಆಚೆ ಪಾಲಕ ಕೂತಿರುತ್ತಾನೆ, ಉದ್ದ ಕಡ್ಡಿಯ ತುದಿಯಲ್ಲಿ ಚೂರು ಮಾಂಸ. ಹುಲಿ ಸರಳಿಗೆ ಒತ್ತಿಕೊಂಡು ಮಲಗುತ್ತದೆ. ಹಿಂದೆ ಕೆಳಗಿನ ಸಂದಿಯಿಂದ ಬಾಲವನ್ನು ಮೆಲ್ಲಗೆ ಹೊರಗೆ ತರುತ್ತಾರೆ. ಮೊದಮೊದಲು ಬಾಲ ಮುಟ್ಟುವುದಷ್ಟೇ. ಆಮೇಲೆ ಹಿಡಿದುಕೊಳ್ಳುವುದು, ಆಮೇಲೆ ಸ್ಪಿರಿಟ್ ಹತ್ತಿ, ಆಮೇಲೆ ಮೊಂಡು ಕಡ್ಡಿಯಲ್ಲಿ ಒತ್ತುವುದು. ಸೂಜಿ ಬರುವುದು ಎಲ್ಲಕ್ಕಿಂತ ಕೊನೆಗೆ, ತಿಂಗಳುಗಟ್ಟಲೆ ಕಳೆದ ಮೇಲೆ. ಹುಲಿಗೆ ಬೇಡ ಎನಿಸಿದರೆ ಎದ್ದು ಹೋಗಬಹುದು, ಯಾರೂ ತಡೆಯುವುದಿಲ್ಲ. ಹೀಗೆ ಕಲಿತ ಹುಲಿಯ ಕಿಡ್ನಿ ಹೇಗಿದೆ ಎಂದು ತಿಳಿಯಲು ಮತ್ತಿನ ಮದ್ದು ಕೊಡಬೇಕಿಲ್ಲ. ಆನೆಗಳು ಕ್ಷಯದ ಪರೀಕ್ಷೆಗೂ ಹೀಗೇ ಸಹಕರಿಸುತ್ತವೆ. ಸೊಂಡಿಲಿಗೆ ಉಪ್ಪುನೀರು ಹಾಕಿದರೆ ಸೊಂಡಿಲೆತ್ತಿ ಹಿಡಿದು, ಹೇಳಿದಾಗ ಚೀಲದೊಳಕ್ಕೆ ಊದುತ್ತವೆ. ಕ್ಷಯ ಇದೆಯೆಂದಾದರೆ ಮಾತ್ರೆ ಸುಮಾರು ಒಂದು ವರ್ಷ. ಕಹಿ ಗೊತ್ತಾದ ಆನೆ ಯಾವುದರಲ್ಲಿ ಬಚ್ಚಿಟ್ಟುಕೊಟ್ಟರೂ ಉಗಿಯುತ್ತದೆ. ಆಗ ಕೆಲವು ಔಷಧಗಳನ್ನು ಗುದದ್ವಾರದ ಮೂಲಕ ಕೊಡುತ್ತಾರೆ. ಗ್ಲಾಮರ್ ಇಲ್ಲದ ಕೆಲಸ ಬಿಡಿ.

ಇನ್ನು ಸಾಂಕ್ರಾಮಿಕ ರೋಗ. ಅಲ್ಲಿ ನಿಮ್ಮ "ಅವತ್ತೇ ಓಡಬೇಕು" ಎಂಬ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಆನೆಮರಿಗಳಿಗೆ ಬರುವ ಹರ್ಪಿಸ್ ಎಂಬ ವೈರಸ್ ಸೋಂಕು ರಕ್ತನಾಳಗಳ ಒಳಪದರವನ್ನೇ ಹಾಳು ಮಾಡುತ್ತದೆ. ನಿನ್ನೆ ಆಡುತ್ತಿದ್ದ ಮರಿ ಒಂದೆರಡು ದಿನದಲ್ಲಿ ಒಳಗೇ ರಕ್ತ ಸೋರಿ ಸಾಯಬಹುದು. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ತಡವಾಗಿರುವುದೇ ಜಾಸ್ತಿ. ಅದಕ್ಕೆ ಮರಿಗಳ ರಕ್ತವನ್ನು ಆಗಾಗ ಪರೀಕ್ಷಿಸಿ, ವೈರಸ್ ಕಂಡ ತಕ್ಷಣ ಔಷಧ ಶುರು ಮಾಡುತ್ತಾರೆ. ಈ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿ ವರದಿ ಮಾಡಿದ್ದು 1999ರಲ್ಲಿ. ಇದರ ವಿರುದ್ಧ ಎಂಆರ್‌ಎನ್‌ಎ ಲಸಿಕೆಯನ್ನು ಹ್ಯೂಸ್ಟನ್ ಝೂನ ಆನೆಯೊಂದಕ್ಕೆ ಮೊದಲ ಸಲ ಕೊಟ್ಟದ್ದು 2024ರಲ್ಲಿ. ಥಾಯ್ಲೆಂಡಿನ ಶ್ರೀರಾಚಾ ಹುಲಿ ಝೂನಲ್ಲಿ 2004ರಲ್ಲಿ ಆದದ್ದು ಇನ್ನೂ ಘೋರ. ಹಕ್ಕಿಜ್ವರ ತಗುಲಿದ ಹಸಿ ಕೋಳಿ ತಿಂದು 441 ಹುಲಿಗಳಲ್ಲಿ 147 ಹೋದವು, ಸತ್ತವು ಮತ್ತು ರೋಗ ಹರಡದಂತೆ ಕೊಂದವು ಸೇರಿ. ಅಲ್ಲಿ ಎಷ್ಟು ಒಳ್ಳೆಯ ಡಾಕ್ಟರಿದ್ದರೂ ಆಮೇಲೆ ಮಾಡುವಂಥದ್ದು ಹೆಚ್ಚಿರಲಿಲ್ಲ. ಮಾಡಬೇಕಾದ್ದು ಅಡುಗೆಮನೆಯ ಬಾಗಿಲಲ್ಲಿತ್ತು: ಈ ಕೋಳಿ ಎಲ್ಲಿಂದ ಬಂತು ಎಂಬ ಪ್ರಶ್ನೆ. ಮೃಗಾಲಯ ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಆಸ್ಪತ್ರೆ ಕಟ್ಟಡಕ್ಕಿಂತ ಮೊದಲು ಆ ಬಾಗಿಲನ್ನೂ, ಹೊಸ ಪ್ರಾಣಿಗಳನ್ನು ಬೇರೆ ಇಡುವ ಕ್ವಾರಂಟೈನ್ ಜಾಗವನ್ನೂ ನೋಡಲು ಹೇಳುತ್ತೇನೆ.

ನಿಮ್ಮ ಸಿಟ್ಟಿನಲ್ಲಿ ನನಗೆ ಪೂರ್ತಿ ಸರಿ ಎನಿಸಿದ್ದು ಬೇರೆ. "ಡಾಕ್ಟರ್ ನೋಡ್ತಿದ್ದಾರೆ" ಎಂಬ ಉತ್ತರ ಸಾಲದು. ಆವರಣದ ಮುಂದೆ ಒಂದು ಸಣ್ಣ ಬೋರ್ಡ್ ಹಾಕಲು ಏನು ಖರ್ಚು? ಈಕೆಗೆ ಇಷ್ಟು ವಯಸ್ಸು, ಕೀಲುನೋವಿದೆ, ಇಂಥ ದಿನದಿಂದ ಔಷಧ ನಡೆಯುತ್ತಿದೆ ಎಂದು ನಾಲ್ಕು ಸಾಲು. ಮುಚ್ಚಿಟ್ಟಷ್ಟೂ ಜನ ಕೆಟ್ಟದ್ದನ್ನೇ ಊಹಿಸುತ್ತಾರೆ. ಹಾಗೆಯೇ, ತಿಂಗಳು ಕಳೆದರೂ ನಡಿಗೆ ಹಾಗೇ ಇದ್ದು, ಮೈ ಇನ್ನೂ ಇಳಿಯುತ್ತಿದ್ದು, ಕೇಳಿದರೆ ಅದೇ ಒಂದು ವಾಕ್ಯ ಬಂದರೆ, ಆಗ ನಾನೂ ನಿಮ್ಮ ಪಕ್ಷ. ಮೃಗಾಲಯದ ಮುಖ್ಯಸ್ಥರಿಗೆ ಬರೆದು ಉತ್ತರ ಕೇಳಿ. ನೋವು ತಡೆಯಲಾಗದ ಹಂತಕ್ಕೆ ಬಂದ ಮುದಿ ಪ್ರಾಣಿಯನ್ನು ನೋವಿಲ್ಲದೆ ಕಳಿಸಿಕೊಡುವುದೂ ಚಿಕಿತ್ಸೆಯ ಭಾಗವೇ. ಅದನ್ನು ಮುಂದೂಡುತ್ತಾ ಹೋಗುವುದು ನನ್ನ ಮಟ್ಟಿಗೆ ಕರುಣೆಯಲ್ಲ.

ನೀವು ಏನು ಮಾಡಬೇಕು ಎಂದು ಕೇಳಿದ್ದಿರಲ್ಲ. ಕಾಡುಪ್ರಾಣಿ ನೋವನ್ನು ಆದಷ್ಟು ಮುಚ್ಚಿಡುತ್ತದೆ, ಜನ ಎದುರಿದ್ದಾಗ ಇನ್ನೂ ಜಾಸ್ತಿ. ಆದ್ದರಿಂದ ನೀವು ಕಂಡದ್ದು ಪಾಲಕರಿಗೆ ಕಾಣದೇ ಹೋಗಿರಬಹುದು. ಫೋಟೋಗಿಂತ ವಿಡಿಯೋ ಒಳ್ಳೆಯದು, ಅರ್ಧ ನಿಮಿಷ ಸಾಕು. ಯಾವ ಕಾಲು, ಎಷ್ಟು ಹೊತ್ತಿಗೆ, ಮಲಗಿ ಎದ್ದ ತಕ್ಷಣ ಕುಂಟಿತೋ ನಡೆದಂತೆ ಜಾಸ್ತಿಯಾಯಿತೋ, ಇಷ್ಟು ಗಮನಿಸಿ. ಎದ್ದಾಗ ಜಾಸ್ತಿ ಇದ್ದು ನಡೆಯುತ್ತಾ ಸಡಿಲವಾದರೆ ಕೀಲಿನ ಕಡೆ ಅನುಮಾನ ಹೋಗುತ್ತದೆ. ಡಾಕ್ಟರಿಗೆ ಇದು ಬೇಕಾದ ಮಾಹಿತಿ. ವಿಡಿಯೋವನ್ನು ಎಲ್ಲೆಲ್ಲೋ ಹಾಕುವ ಮೊದಲು ಆ ಆವರಣದ ಪಾಲಕರಿಗೆ ತೋರಿಸಿ. ಪ್ರಾಣಿಯನ್ನು ಎಬ್ಬಿಸಿ ನೋಡಲೆಂದು ಗಾಜು ಬಡಿಯಬೇಡಿ, ಏನನ್ನೂ ಎಸೆಯಬೇಡಿ. ಮಕ್ಕಳಿಗೆ ಕೆಮ್ಮು, ನೆಗಡಿ ಇದ್ದರೆ ಅವತ್ತು ಚಿಂಪಾಂಜಿ, ಗೊರಿಲ್ಲಾಗಳ ಹತ್ತಿರ ಹೋಗುವುದು ಬೇಡ. ನಮ್ಮ ನೆಗಡಿ ಅವಕ್ಕೆ ನ್ಯುಮೋನಿಯಾ ಆಗಬಹುದು. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ ಹುಲಿಗೆ ಕೋವಿಡ್ ಬಂದಾಗಲೂ ಅದು ಮನುಷ್ಯರಿಂದಲೇ ಬಂದದ್ದು ಎಂದು ಅಲ್ಲಿನವರು ಹೇಳಿದ್ದರು.

ಮುಂದಿನ ಸಲ ಹೋದಾಗ ಆ ಸಿಂಹಿಣಿಯ ವಯಸ್ಸೆಷ್ಟು, ಯಾವ ಔಷಧ ನಡೆಯುತ್ತಿದೆ ಎಂದು ಕೇಳಿ ನಮಗೂ ಬರೆಯಿರಿ. ಉತ್ತರ ಸಿಗದಿದ್ದರೂ ಬರೆಯಿರಿ, ಪ್ರಕಟಿಸುತ್ತೇವೆ.

- ಸಂ.